ಫೆಬ್ರವರಿಗೆ ಬರಲೊಪ್ಪದ ಅತಿಥಿ

ಅಮೆರಿಕದ ಸಣ್ಣ ಊರುಗಳ ಸೇವಾ ಕ್ಲಬ್ಬುಗಳಲ್ಲಿ ಅತಿಥಿಯ ಭಾಷಣಕ್ಕೆ ಸಿಗುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ನಮ್ಮ ಕಡೆಯ ರೋಟರಿ, ಲಯನ್ಸ್ ಸಭೆಗಳನ್ನು ನೋಡಿದವರಿಗೆ ಕ್ರಮ ಗೊತ್ತೇ ಇರುತ್ತದೆ. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ಎಲ್ಲರೂ ಎದ್ದು ಎದೆಯ ಮೇಲೆ ಕೈಯಿಟ್ಟು ಧ್ವಜಕ್ಕೆ ಪ್ರತಿಜ್ಞೆ ಹೇಳುತ್ತಾರೆ. ಊಟದ ನಡುವೆ ಖುಷಿಯ ಸುದ್ದಿ ಇದ್ದವರು ಡಬ್ಬಿಗೆ ಒಂದು ಡಾಲರ್ ಹಾಕಿ ಮೊಮ್ಮಗನ ಬೇಸ್‌ಬಾಲ್ ಆಟವನ್ನೋ ಹೊಸದಾಗಿ ಹಾಕಿಸಿಕೊಂಡ ಮಂಡಿಚಿಪ್ಪನ್ನೋ ಹೇಳಿಕೊಳ್ಳುತ್ತಾರೆ. ಉಳಿದ ಹೊತ್ತು ಅತಿಥಿಯದು. ಕೊನೆಗೆ ಕ್ಲಬ್ಬಿನ ಲಾಂಛನ ಹಾಕಿದ ಕಾಫಿ ಮಗ್ ಕೊಟ್ಟು ಒಂದು ಫೋಟೊ.

ನಾನಿರುವುದು ಉತ್ತರ ಕ್ಯಾರೊಲಿನಾದ ಡರ್ಹಮ್ ನಗರದ ಹತ್ತಿರ. ಇಲ್ಲಿನ ಅಂಥದೊಂದು ಕ್ಲಬ್ಬಿನ ಸದಸ್ಯೆ. ಹೆಸರು ಬೇಡ. ಸದಸ್ಯರಲ್ಲಿ ಮುಕ್ಕಾಲು ಪಾಲು ವಯಸ್ಸಾದ ಬಿಳಿಯರು: ವಕೀಲರು, ವಿಮೆ ಏಜೆಂಟರು, ದಂತವೈದ್ಯರು, ಮನೆ ಮಾರಿಕೊಡುವವರು, ಹರಾಜು ಕೂಗುವವರೊಬ್ಬರು, ಅಜ್ಜ ಮುತ್ತಜ್ಜನ ಕಾಲದಿಂದ ಇದೇ ಸೀಮೆಯಲ್ಲಿ ತಂಬಾಕಿನ ಹೊಲ ಇಟ್ಟುಕೊಂಡಿದ್ದ ಮನೆತನದವರು. ಕಪ್ಪು ಜನ ಬೆರಳೆಣಿಕೆಯಷ್ಟು. ಭಾರತದವಳು ನಾನೊಬ್ಬಳೇ. ಪ್ರತಿವಾರ ಒಬ್ಬ ಅತಿಥಿಯನ್ನು ಹುಡುಕಿ ತರುವ ಹೊಣೆ ಯಾರಿಗೂ ಬೇಡದ ಕೆಲಸವಾದ್ದರಿಂದ ಅದು ಹೊಸಬಳಾದ ನನ್ನ ಪಾಲಿಗೆ ಬಂತು.

ಫೆಬ್ರವರಿಯೆಂದರೆ ಇಲ್ಲಿ ಕಪ್ಪು ಜನರ ಇತಿಹಾಸದ ತಿಂಗಳು. ಇದರ ಮೂಲಪುರುಷ ಕಾರ್ಟರ್ ವುಡ್ಸನ್, ಗುಲಾಮರಾಗಿದ್ದ ತಂದೆತಾಯಿಯ ಮಗ. ಕಲ್ಲಿದ್ದಲ ಗಣಿಯಲ್ಲಿ ದುಡಿದು, ತಡವಾಗಿ ಹೈಸ್ಕೂಲು ಸೇರಿ, 1912ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದವರು. ಕಪ್ಪು ಜನಕ್ಕೆ ಇತಿಹಾಸವೇ ಇಲ್ಲವೆಂದು ಪಂಡಿತರು ನಂಬಿದ್ದ ಕಾಲದಲ್ಲಿ, 1915ರಲ್ಲಿ, ಅದನ್ನು ಅಭ್ಯಾಸ ಮಾಡಲೆಂದೇ ಸಂಘ ಕಟ್ಟಿದರು. 1926ರಲ್ಲಿ ವಾರಾಚರಣೆ ಶುರು ಮಾಡಿದರು. ಲಿಂಕನ್ ಹುಟ್ಟಿದ ದಿನವೂ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ಅವರ ಹುಟ್ಟುಹಬ್ಬವೂ ಫೆಬ್ರವರಿಯ ಅದೇ ವಾರದಲ್ಲಿ ಬರುತ್ತಿದ್ದುದರಿಂದ ಆ ವಾರ. 1976ರಲ್ಲಿ ಅದು ತಿಂಗಳಾಯಿತು. ಈಗ ಅಂಗಡಿ, ಬ್ಯಾಂಕು, ಕ್ಲಬ್ಬು ಎಲ್ಲರೂ ಫೆಬ್ರವರಿಗೊಬ್ಬ ಕಪ್ಪು ಅತಿಥಿಯನ್ನು ಹುಡುಕುತ್ತಾರೆ. ನಮ್ಮ ಪಟ್ಟಿಯಲ್ಲೂ ಅದಕ್ಕೊಂದು ಮಧ್ಯಾಹ್ನ ಮೊದಲೇ ಗುರುತಾಗಿತ್ತು.

ಕ್ಲಬ್ಬಿನ ಹಿರಿಯ ಸದಸ್ಯರೊಬ್ಬರು, ಅಂಚೆ ಇಲಾಖೆಯಿಂದ ನಿವೃತ್ತರಾದ ಕಪ್ಪು ಗೃಹಸ್ಥರು, ತಮ್ಮ ಚರ್ಚಿನ ಗ್ರಂಥಪಾಲಕಿಯ ನಂಬರು ಕೊಟ್ಟರು. ಎಪ್ಪತ್ತು ದಾಟಿದವರು, ಶಾಲೆಯ ಗ್ರಂಥಾಲಯದಲ್ಲಿ ಆಯುಷ್ಯ ಕಳೆದವರು, ಚರ್ಚಿನ ನೆಲಮಾಳಿಗೆಯಲ್ಲಿ ಹಳೆಯ ಕಾಗದಪತ್ರಗಳನ್ನು ಕಾಯುತ್ತಿರುವವರು. ಇಲ್ಲಿ ಅವರನ್ನು ಗ್ರಂಥಪಾಲಕಿ ಎಂದೇ ಕರೆಯುತ್ತೇನೆ. ಫೋನು ಮಾಡಿ ವಿಷಯ ಹೇಳಿದೆ.

“ಫೆಬ್ರವರಿಯಲ್ಲಿ ಬರುವುದಿಲ್ಲಮ್ಮ,” ಎಂದರು. “ಆ ತಿಂಗಳು ಎಲ್ಲರಿಗೂ ನನ್ನ ನೆನಪಾಗುತ್ತದೆ. ಏಪ್ರಿಲ್‌ನಲ್ಲಿ ಕರೆಯಿರಿ, ಬರುತ್ತೇನೆ.”

ಬೇಸರದ ದನಿಯೇನೂ ಇರಲಿಲ್ಲ. ಷರತ್ತುಗಳು ಇನ್ನೂ ಇದ್ದವು. ಇಪ್ಪತ್ತಲ್ಲ, ನಲವತ್ತು ನಿಮಿಷ ಬೇಕು. ಸಂಭಾವನೆ ಕೊಡಬೇಕು. ಸಭೆಗೆ ಬರುವ ಪ್ರತಿಯೊಬ್ಬರೂ ಮನೆಯಲ್ಲಿರುವ ಅತ್ಯಂತ ಹಳೆಯ ಫೋಟೊವನ್ನೋ ಕಾಗದವನ್ನೋ ತರಬೇಕು. “ಕೇಳಲು ಬರುವವರು ಬರಿಗೈಯಲ್ಲಿ ಬಂದರೆ ಬರಿಗೈಯಲ್ಲೇ ಹೋಗುತ್ತಾರೆ,” ಎಂದು ಸೇರಿಸಿದರು. ಮಾತು ಚೆನ್ನಾಗಿತ್ತು, ಕಾರ್ಯಕಾರಿ ಸಮಿತಿಗೆ ಒಪ್ಪಿಸುವುದು ನನ್ನ ತಲೆಗೆ ಬಂತು.

ಫೋಟೊ ತರುವುದಕ್ಕೆ ಯಾರೂ ಬೇಡವೆನ್ನಲಿಲ್ಲ. ಸಂಭಾವನೆ ಎಂದೊಡನೆ ಖಜಾಂಚಿ ಕನ್ನಡಕ ತೆಗೆದಿಟ್ಟರು. ನಾವು ಯಾರಿಗೂ ಕೊಟ್ಟಿಲ್ಲ, ಮೇಯರ್ ಬಂದಾಗಲೂ ಕೊಟ್ಟಿಲ್ಲ, ಇವರಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ. ನಿಯಮದ ಪ್ರಕಾರ ಅವರು ಹೇಳಿದ್ದು ಸರಿಯೇ. ಚರ್ಚೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿತ್ತು. ಅಷ್ಟು ಹೊತ್ತು ಸುಮ್ಮನಿದ್ದ ಅಂಚೆಯ ಹಿರಿಯರು ಕೊನೆಗೆ ಬಾಯಿ ಬಿಟ್ಟರು: “ಪುಕ್ಕಟೆ ದುಡಿಸಿಕೊಂಡ ಕಥೆಯನ್ನೇ ಹೇಳಲು ಬರುತ್ತಿದ್ದಾರೆ. ಅದನ್ನೂ ಪುಕ್ಕಟೆ ಹೇಳಿಸಿಕೊಳ್ಳೋಣ ಅನ್ನುತ್ತೀರಾ?” ಖಜಾಂಚಿಯೇ ಮೊದಲು ನಕ್ಕರು. ಹಣ ಮಂಜೂರಾಯಿತು. ಖಾಲಿ ಬಿದ್ದ ಫೆಬ್ರವರಿಯ ಮಧ್ಯಾಹ್ನಕ್ಕೆ ಆದಾಯ ತೆರಿಗೆಯ ಸಲಹೆಗಾರರೊಬ್ಬರು ಬಂದು ಮಾತಾಡಿ ಮಗ್ ಒಯ್ದರು.

ಏಪ್ರಿಲ್ ಹತ್ತಿರವಾದಾಗ ಪರಿಚಯದ ಚೀಟಿ ಬರೆದು ಕಳಿಸಿದೆ. ನಮ್ಮ ಕ್ಲಬ್ಬಿನಲ್ಲಿ ರಾಜ್ಯಪಾಲರನ್ನೂ ಮೊದಲ ಹೆಸರಿನಿಂದಲೇ ಕರೆಯುವ ರೂಢಿ, ಎದೆಯ ಮೇಲಿನ ಬಿಲ್ಲೆಯಲ್ಲೂ ಅಷ್ಟೇ ಇರುತ್ತದೆ. ಅವರು ಚೀಟಿಯಲ್ಲಿ ಒಂದೇ ಒಂದು ತಿದ್ದುಪಡಿ ಮಾಡಿ ವಾಪಸು ಕಳಿಸಿದರು: ಹೆಸರಿನ ಹಿಂದೆ ಮಿಸೆಸ್, ಜೊತೆಗೆ ಮನೆತನದ ಹೆಸರು. ಕಾರಣ ಕೇಳಿದಾಗ 1963ರ ಮೊಕದ್ದಮೆಯೊಂದನ್ನು ಹೇಳಿದರು. ಅಲಬಾಮಾದ ಕೋರ್ಟೊಂದರಲ್ಲಿ ಸಾಕ್ಷಿಕಟ್ಟೆ ಹತ್ತಿದ್ದ ನಾಗರಿಕ ಹಕ್ಕುಗಳ ಕಾರ್ಯಕರ್ತೆ ಮೇರಿ ಹ್ಯಾಮಿಲ್ಟನ್ ಅವರನ್ನು ಸರ್ಕಾರಿ ವಕೀಲರು ಬರೀ ‘ಮೇರಿ’ ಎಂದು ಕರೆದರು. ಬಿಳಿಯ ಹೆಂಗಸರಿಗೆ ಮಿಸ್, ಮಿಸೆಸ್. ಕಪ್ಪು ಹೆಂಗಸು ಎಷ್ಟೇ ದೊಡ್ಡವಳಾದರೂ ಬರೀ ಹೆಸರು. ಮಿಸ್ ಹ್ಯಾಮಿಲ್ಟನ್ ಎನ್ನುವ ತನಕ ಉತ್ತರಿಸುವುದಿಲ್ಲವೆಂದು ಆಕೆ ಕೂತುಬಿಟ್ಟರು. ನ್ಯಾಯಾಂಗ ನಿಂದನೆಯೆಂದು ಜೈಲು, ಮೇಲೆ ದಂಡ. 1964ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ರದ್ದು ಮಾಡಿತು. ನಮ್ಮ ಅತಿಥಿಗೆ ಆಗ ಬುದ್ಧಿ ತಿಳಿಯುವ ವಯಸ್ಸು. ದೊಡ್ಡವರನ್ನು ಹೆಸರು ಹಿಡಿದು ಕರೆದರೆ ಅಜ್ಜಿಯ ಕೈಯಲ್ಲಿ ಬೈಸಿಕೊಳ್ಳುತ್ತಿದ್ದ ನನಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಆ ದಿನದ ಬಿಲ್ಲೆ ಬೇರೆಯಾಗಿಯೇ ಅಚ್ಚಾಯಿತು.

ಸಭೆಯ ದಿನ ಊಟದ ತಟ್ಟೆಗಳ ಪಕ್ಕ ಫೋಟೊಗಳು ಬಂದು ಕೂತವು. ಬೆಳ್ಳಿಯ ಚೌಕಟ್ಟಿನ ಸೈನಿಕರು, ಕುಟುಂಬದ ಬೈಬಲ್‌ಗಳು, ಒಬ್ಬರ ಬಳಿ 1790ರ ದಶಕದ ಭೂಮಿಪತ್ರದ ನಕಲು. ನಾನು ಒಯ್ದದ್ದು ನನ್ನಜ್ಜ ಶಿರಸಿಯ ಸ್ಟುಡಿಯೋದಲ್ಲಿ ತೆಗೆಸಿದ್ದ ಮದುವೆಯ ಪಟ.

ಗ್ರಂಥಪಾಲಕಿ ಮೈಕು ಹಿಡಿಯಲಿಲ್ಲ. ಎಲ್ಲರನ್ನೂ ಎದ್ದು ನಿಲ್ಲಲು ಹೇಳಿದರು. “ಅಜ್ಜ ಅಜ್ಜಿ ನಾಲ್ವರ ಹೆಸರೂ ಗೊತ್ತಿಲ್ಲದವರು ಕೂತುಕೊಳ್ಳಿ.” ಯಾರೂ ಕೂರಲಿಲ್ಲ. “ಮುತ್ತಜ್ಜನ ಅಪ್ಪನ ಹೆಸರು ಗೊತ್ತಿಲ್ಲದವರು?” ಕೆಲವರು ಕೂತರು. “1870ಕ್ಕಿಂತ ಮೊದಲು ನಿಮ್ಮ ಮನೆಯವರ ಹೆಸರು, ಅಡ್ಡಹೆಸರು ಎರಡೂ ಇರುವ ಒಂದಾದರೂ ಸರ್ಕಾರಿ ಕಾಗದ ನೋಡಿಲ್ಲದವರು?” ಕೊನೆಗೆ ನಿಂತಿದ್ದವರೆಲ್ಲ ಬಿಳಿಯರು. ಅಂಚೆಯ ಹಿರಿಯರು ಕೂತಿದ್ದರು. ನಾನೂ ಕೂತಿದ್ದೆ. ನನ್ನ ಕಾರಣ ಬೇರೆ, ನಮ್ಮ ಮನೆಯಲ್ಲಿ ಹುಡುಕಿದವರಿಲ್ಲ ಅಷ್ಟೇ. ಅವರ ಮನೆಯವರು ಹುಡುಕಿ ಹುಡುಕಿ ಗೋಡೆಗೆ ಹಣೆ ತಾಗಿಸಿಕೊಂಡವರು.

ಆ ಗೋಡೆಯೇ 1870ರ ಜನಗಣತಿ. ಗುಲಾಮಗಿರಿಯಿಂದ ಬಿಡುಗಡೆಯಾದವರನ್ನು ಮೊದಲ ಬಾರಿ ಹೆಸರು ಹಿಡಿದು ದಾಖಲಿಸಿದ ಗಣತಿ ಅದು. ಅದಕ್ಕೂ ಮೊದಲಿನ 1850, 1860ರ ಗಣತಿಗಳಲ್ಲಿ ಗುಲಾಮರಿಗೆಂದೇ ಬೇರೆ ಹಾಳೆಗಳಿವೆ. ಅಲ್ಲಿ ಹೆಸರಿರುವುದು ಒಡೆಯನದು. ಕೆಳಗೆ ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಹೆಸರಿನ ಕಲಮೇ ಇಲ್ಲ. ಅಂಥ ಹಾಳೆಯೊಂದರ ಪ್ರತಿಯನ್ನು ಅವರು ಮೇಜಿನಿಂದ ಮೇಜಿಗೆ ದಾಟಿಸಿದರು. ‘35, ಹೆಣ್ಣು, ಕಪ್ಪು. 12, ಗಂಡು, ಕಪ್ಪು. 2, ಹೆಣ್ಣು, ಕಪ್ಪು.’ ತಾಯಿಮಕ್ಕಳೋ ಅಲ್ಲವೋ ಹೇಳುವವರಿಲ್ಲ.

ದೂರದ ಮಾತಲ್ಲ ಇದು. ಡರ್ಹಮ್‌ನ ಉತ್ತರಕ್ಕೆ ಸ್ಟ್ಯಾಗ್‌ವಿಲ್ ಇದೆ. ಬೆನಹನ್, ಕ್ಯಾಮರನ್ ಮನೆತನಗಳ ಜಮೀನು. 1860ರ ಹೊತ್ತಿಗೆ ಸುಮಾರು 30,000 ಎಕರೆ, ಸುಮಾರು 900 ಮಂದಿ ಗುಲಾಮರು. ಈಗ ರಾಜ್ಯದ ಸಂರಕ್ಷಿತ ಸ್ಥಳ. ನಾನೂ ಅಲ್ಲಿಗೆ ಹೋಗಿದ್ದೇನೆ. ಹಾರ್ಟನ್ ಗ್ರೋವ್ ಎಂಬ ಕಡೆ ಗುಲಾಮರಿದ್ದ ಎರಡಂತಸ್ತಿನ ಮರದ ಮನೆಗಳು ಉಳಿದಿವೆ. ಹಸಿ ಇಟ್ಟಿಗೆ ಎತ್ತಿಟ್ಟವರ ಬೆರಳಚ್ಚು ಸುಟ್ಟ ಇಟ್ಟಿಗೆಯಲ್ಲಿ ಹಾಗೇ ನಿಂತಿದೆ. ಪ್ರವಾಸಿಗಳು ಅದನ್ನು ಮುಟ್ಟಿ ಕಣ್ಣೊರೆಸಿಕೊಳ್ಳುವುದನ್ನು ಕಂಡಿದ್ದೇನೆ. ಗ್ರಂಥಪಾಲಕಿಗೆ ಅದರಲ್ಲಿ ಅಷ್ಟು ಆಸಕ್ತಿಯಿರಲಿಲ್ಲ. ಅವರಿಗೆ ಬೇಕಾದ್ದು ಅದೇ ಮನೆತನದ ಲೆಕ್ಕದ ಪುಸ್ತಕಗಳು. ಚಾಪೆಲ್ ಹಿಲ್ ವಿಶ್ವವಿದ್ಯಾಲಯದಲ್ಲಿ ಭದ್ರವಾಗಿರುವ ಆ ಕಾಗದಗಳಲ್ಲಿ ಯಾರಿಗೆ ಹೆರಿಗೆಯಾಯಿತು, ಯಾರಿಗೆ ಕಂಬಳಿ ಕೊಟ್ಟರು ಎಂಬುದೆಲ್ಲ ಹೆಸರು ಸಮೇತ ಇದೆ. ಸರ್ಕಾರಕ್ಕೆ ಬೇಡವಾದ ಹೆಸರು ಒಡೆಯನ ಲೆಕ್ಕಕ್ಕೆ ಬೇಕಾಗಿತ್ತು.

ಆಮೇಲೆ ಅವರು ಕಪ್ಪು ಜನರೇ ಉಳಿಸಿಕೊಂಡದ್ದರ ಕಡೆ ಬಂದರು. ಇಲ್ಲಿ ಅವರ ಮುಖ ಅರಳಿತು. 1866ರಲ್ಲಿ ಉತ್ತರ ಕ್ಯಾರೊಲಿನಾ ಒಂದು ಕಾನೂನು ತಂದಿತು. ಗುಲಾಮಗಿರಿಯಲ್ಲಿ ಗಂಡಹೆಂಡಿರಾಗಿ ಬಾಳಿದ್ದವರು ಕೌಂಟಿ ಕಚೇರಿಗೆ ಹೋಗಿ ಎಷ್ಟು ವರ್ಷದಿಂದ ಒಟ್ಟಿಗಿದ್ದೇವೆಂದು ಹೇಳಿ ನೋಂದಾಯಿಸಬೇಕು. ಶುಲ್ಕ 25 ಸೆಂಟು. ಕೈಯಲ್ಲಿ ಕಾಸಿಲ್ಲದ ಜನ ನಡೆದು ಹೋಗಿ ಸಾಲುಗಟ್ಟಿ ನಿಂತರು. ಇಪ್ಪತ್ತು, ಮೂವತ್ತು ವರ್ಷದ ದಾಂಪತ್ಯಗಳು ಹೀಗೆ ಒಂದೇ ವರ್ಷದಲ್ಲಿ ಕಾಗದಕ್ಕೇರಿದವು. ಮಾರಾಟವಾಗಿ ದಿಕ್ಕಾಪಾಲಾದ ಮಕ್ಕಳನ್ನು, ತಾಯಂದಿರನ್ನು ಹುಡುಕಿ ಪತ್ರಿಕೆಗಳಲ್ಲಿ ಹಾಕಿಸಿದ ಸಣ್ಣ ಜಾಹೀರಾತುಗಳಿವೆ. ಅವನ್ನು ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ.

ಗ್ರಂಥಾಲಯಗಳೂ ಈ ಜನರ ಪುಸ್ತಕಗಳನ್ನು ಇಡಲು ಜಾಗ ಕಾಣದೆ ಒದ್ದಾಡಿದ್ದವು. ಪುಸ್ತಕಗಳನ್ನು ವಿಷಯಕ್ಕೊಂದು ಅಂಕಿ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿ ಬಳಸುತ್ತಿದ್ದ ಕಡೆಗಳಲ್ಲಿ ಕಪ್ಪು ಲೇಖಕರು ಏನೇ ಬರೆಯಲಿ, ಕವಿತೆಯಾಗಲಿ ಸಸ್ಯಶಾಸ್ತ್ರವಾಗಲಿ, ಹೋಗುತ್ತಿದ್ದುದು ಎರಡೇ ಅಂಕಿಗಳಿಗೆ: 325 ಅಂದರೆ ವಲಸೆ, 326 ಅಂದರೆ ಗುಲಾಮಗಿರಿ. ವಾಷಿಂಗ್ಟನ್‌ನ ಹಾವರ್ಡ್ ವಿಶ್ವವಿದ್ಯಾಲಯದ ಗ್ರಂಥಪಾಲಕಿ ಡೊರೊಥಿ ಪೋರ್ಟರ್ 1930ರ ದಶಕದಿಂದ ಕೂತು ಇದನ್ನು ಒಡೆದರು. ಕವಿತೆ ಕವಿತೆಯ ಕಪಾಟಿಗೆ, ವೈದ್ಯ ವೈದ್ಯದ ಕಪಾಟಿಗೆ. ಇದನ್ನು ಹೇಳುವಾಗ ನಮ್ಮ ಅತಿಥಿ ಎರಡೂ ಕೈಯಲ್ಲಿ ಗಾಳಿಯಲ್ಲೇ ಪುಸ್ತಕಗಳನ್ನು ಎತ್ತಿ ಎತ್ತಿ ಬೇರೆ ಬೇರೆ ಕಡೆ ಇಟ್ಟರು. ಇಡೀ ಭಾಷಣದಲ್ಲಿ ಅವರು ನಾಟಕೀಯವಾಗಿ ಮಾಡಿದ್ದು ಅದೊಂದೇ.

ಡರ್ಹಮ್‌ನ ಮಾತು ಬಂದೇ ಬಂತು. 1898ರಲ್ಲಿ ಇಲ್ಲಿ ಕಪ್ಪು ಜನರು ನಾರ್ತ್ ಕ್ಯಾರೊಲಿನಾ ಮ್ಯೂಚುಯಲ್ ಎಂಬ ವಿಮಾ ಕಂಪನಿ ಕಟ್ಟಿದರು. ಪ್ಯಾರಿಷ್ ಬೀದಿಗೆ ಕಪ್ಪು ವಾಲ್ ಸ್ಟ್ರೀಟ್ ಎಂಬ ಹೆಸರೇ ಬಂತು. ಪಕ್ಕದ ಹೇಟೈ ಬಡಾವಣೆಯಲ್ಲಿ ಅವರದೇ ಅಂಗಡಿ, ಸಿನಿಮಾ ಮಂದಿರ, ಹೋಟೆಲು, ಗ್ರಂಥಾಲಯ. 1960ರ ದಶಕದಲ್ಲಿ ನಗರ ನವೀಕರಣವೆಂದು ಅದರ ಮೇಲೆ ಹೆದ್ದಾರಿ ಹಾಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು, ಐನೂರರಷ್ಟು ವ್ಯಾಪಾರಗಳು ಎದ್ದುಹೋದವು. ಉಳಿದ ದೊಡ್ಡ ಕಟ್ಟಡವೆಂದರೆ 1891ರ ಸೇಂಟ್ ಜೋಸೆಫ್ ಚರ್ಚು, ಈಗ ಸಾಂಸ್ಕೃತಿಕ ಕೇಂದ್ರ. ಹತ್ತಿರದ ಕ್ಯಾರಿ, ಮಾರಿಸ್‌ವಿಲ್ ಊರುಗಳ ಕನ್ನಡಿಗರಾದ ನಾವೆಲ್ಲ ಡರ್ಹಮ್ ಪೇಟೆಗೆ ಊಟಕ್ಕೆ, ನಾಟಕಕ್ಕೆ ಹೋಗುವುದು ಅದೇ ಹೆದ್ದಾರಿಯಲ್ಲಿ, 147ರಲ್ಲಿ. ಮನೆ ಎದ್ದಾಗ ಗೋಡೆಯೊಂದೇ ಅಲ್ಲ, ಮಂಚದ ಕೆಳಗಿನ ಟ್ರಂಕೂ ಎದ್ದುಹೋಗುತ್ತದೆ ಎಂದರು ಅವರು. ಬಾಡಿಗೆ ಮನೆಗೆ ಹೋಗುವವರು ಮೊದಲು ಬಿಡುವುದೇ ಕಾಗದವನ್ನು.

ಇಲ್ಲಿಗೆ ಮೂವತ್ತು ನಿಮಿಷವಾಗಿತ್ತು. ಉಳಿದ ಹತ್ತರಲ್ಲಿ ಅವರು ನಮ್ಮ ಕ್ಲಬ್ಬಿಗೆ ಯಾಕೆ ಬಂದರೆಂಬುದನ್ನು ಹೇಳಿದರು.

“ನಮ್ಮವರ ಟ್ರಂಕುಗಳನ್ನು ನಾನು ಆದಷ್ಟು ನೋಡಿದ್ದೇನೆ. 1870ರ ಆಚೆಗೆ ನನಗೆ ಬೇಕಾದ್ದು ನಿಮ್ಮ ಅಟ್ಟಗಳಲ್ಲಿದೆ. ನಿಮ್ಮ ಮುತ್ತಜ್ಜಿಯ ಬೈಬಲ್ಲಿನ ಹಿಂದಿನ ಹಾಳೆಯಲ್ಲಿ, ಕ್ರಯಪತ್ರದಲ್ಲಿ, ವೈದ್ಯರ ಬಿಲ್ಲಿನಲ್ಲಿ, ಉಯಿಲಿನಲ್ಲಿ. ನೀವು ನಾಚಿಕೆಯಿಂದಲೋ ಸೋಮಾರಿತನದಿಂದಲೋ ಅದನ್ನು ಕಸದ ಡಬ್ಬಿಗೆ ಹಾಕಿದರೆ ನನ್ನ ಮುತ್ತಜ್ಜಿಗೆ ಇದ್ದ ಒಂದೇ ಸಾಕ್ಷಿ ಹೋಯಿತು. ನಿಮ್ಮ ಕ್ಷಮೆ ಕೇಳಿಸಿಕೊಳ್ಳಲು ನಾನು ಬಂದಿಲ್ಲ, ಕಾಗದ ಕೇಳಲು ಬಂದಿದ್ದೇನೆ.”

ಅಮೆರಿಕದಲ್ಲಿ ಇಂಥ ಉಪನ್ಯಾಸಗಳನ್ನು ಒಂದಷ್ಟು ಕೇಳಿದ್ದೇನೆ. ಬಹುಮಟ್ಟಿಗೆ ಕೇಳುಗರು ಮರುಗಿ, ಚಪ್ಪಾಳೆ ತಟ್ಟಿ, ಹಗುರಾಗಿ ಮನೆಗೆ ಹೋಗುವಂತೆ ಅವುಗಳ ಏರ್ಪಾಡಿರುತ್ತದೆ. ಇವರು ಆ ದಾರಿಯನ್ನೇ ಮುಚ್ಚಿ ಕೈಗೊಂದು ಕೆಲಸ ಕೊಟ್ಟಿದ್ದರು.

ಪ್ರಶ್ನೋತ್ತರದಲ್ಲಿ ಬರಬೇಕಾದ ಪ್ರಶ್ನೆ ಬಂತು: ಹಳೆಯದನ್ನು ಕೆದಕಿ ಏನು ಪ್ರಯೋಜನ? ಕೇಳಿದವರ ಮುಂದೆಯೇ ಸಮವಸ್ತ್ರದ ಪೂರ್ವಿಕನ ಪಟವಿತ್ತು. ಗ್ರಂಥಪಾಲಕಿ ಅದನ್ನು ಕೈಗೆತ್ತಿಕೊಂಡು, “ಚೆನ್ನಾಗಿ ಇಟ್ಟುಕೊಂಡಿದ್ದೀರಿ. ಹೆಸರೇನು ಇವರದು?” ಎಂದರು. ಆತ ಹೆಸರು, ದಳ, ಊರು ಎಲ್ಲ ಹೇಳಿದರು. “ನನಗೂ ಇಷ್ಟೇ ಬೇಕಾಗಿರುವುದು,” ಎಂದು ಪಟ ವಾಪಸು ಇಟ್ಟರು. ಇನ್ನೊಬ್ಬರು ತಮ್ಮ ಹೊಲದ ಅಂಚಿನಲ್ಲಿ ಎತ್ತರದ ಕಿಟಕಿಗಳ ಸಾಲಿರುವ ಹಳೆಯ ಮರದ ಕಟ್ಟಡವಿದೆ, ಹುಲ್ಲು ತುಂಬುತ್ತೇವೆ, ಏನಿರಬಹುದು ಎಂದು ಕೇಳಿದರು. ರೋಸೆನ್‌ವಾಲ್ಡ್ ಶಾಲೆಯಿರಬಹುದು ಎಂಬ ಉತ್ತರ ಬಂತು. ಕಪ್ಪು ಜನರ ಶಿಕ್ಷಣಕ್ಕೆ ದುಡಿದ ಬುಕರ್ ಟಿ. ವಾಷಿಂಗ್ಟನ್ ಅವರ ಯೋಜನೆಗೆ ಷಿಕಾಗೋದ ವ್ಯಾಪಾರಿ ಜೂಲಿಯಸ್ ರೋಸೆನ್‌ವಾಲ್ಡ್ ಹಣ ಕೊಟ್ಟು, ಊರ ಕಪ್ಪು ಜನರೂ ಕಾಸು ಕೂಡಿಸಿ, 1932ರ ತನಕ ದಕ್ಷಿಣದಲ್ಲಿ ಕಟ್ಟಿದ ಸುಮಾರು 5,000 ಶಾಲೆಗಳು. ಎಲ್ಲಕ್ಕಿಂತ ಹೆಚ್ಚು, 800ಕ್ಕೂ ಮಿಕ್ಕಿ, ಇದ್ದದ್ದು ನಮ್ಮ ರಾಜ್ಯದಲ್ಲಿ. ಕರೆಂಟಿಲ್ಲದ ಕಾಲದ ಬೆಳಕಿಗಾಗಿ ಆ ದೊಡ್ಡ ಕಿಟಕಿಗಳು. ಹೊಲದ ಯಜಮಾನರು ತಟ್ಟೆಯ ಮೇಲಿನ ಕಾಗದದ ಕರವಸ್ತ್ರದಲ್ಲೇ ಬರೆದುಕೊಂಡರು.

ಸಭೆ ಕರಗುವಾಗ ಗ್ರಂಥಪಾಲಕಿ ನನ್ನ ಅಜ್ಜನ ಪಟ ನೋಡಿ ಊರು ಯಾವುದೆಂದರು. ಯಲ್ಲಾಪುರದ ಕಡೆ ಎಂದೆ. ಅಲ್ಲಿನ ಕಾಡಿನಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನರಿದ್ದಾರೆಂದು ನಾನು ಹೇಳುವ ಮೊದಲೇ ಅವರಿಗೆ ಗೊತ್ತಿತ್ತು. ಕಪ್ಪು ಜನರ ಇತಿಹಾಸಕ್ಕೆಂದೇ ಇರುವ ನ್ಯೂಯಾರ್ಕಿನ ಗ್ರಂಥಾಲಯ, ಶಾಂಬರ್ಗ್ ಕೇಂದ್ರ, 2013ರಲ್ಲಿ ಭಾರತದ ಆಫ್ರಿಕನ್ನರ ಬಗ್ಗೆ ಪ್ರದರ್ಶನ ಮಾಡಿತ್ತು. ನಾನು ಫೋನಿನಲ್ಲಿ ಸಿದ್ದಿ ಹೆಂಗಸರ ಕೌದಿಯ ಚಿತ್ರ ತೋರಿಸಿದೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಹೊಲಿದ ತ್ರಿಕೋನಗಳನ್ನು ಕಂಡು, ಅಲಬಾಮಾದ ಜೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಂಗಸರ ಕೌದಿಗಳ ಮಾತು ತೆಗೆದರು. ಪೋರ್ಚುಗೀಸರು ಗೋವಾಕ್ಕೆ ತಂದವರ ಸಂತತಿ, ಯಲ್ಲಾಪುರ ಹಳಿಯಾಳದ ಕಾಡು ಸೇರಿದವರು, 2003ರಲ್ಲಿ ಪರಿಶಿಷ್ಟ ಪಂಗಡವೆಂದು ಮಾನ್ಯತೆ ಸಿಕ್ಕಿತು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಬಂದರು ಎಂದೆಲ್ಲ ನಾನು ಹೇಳುತ್ತಿದ್ದೆ. “ನಿಮ್ಮ ಸೀಮೆಯ ತೋಟದ ಮನೆಗಳಲ್ಲಿ ಅವರ ಕೂಲಿ ಲೆಕ್ಕದ ಪುಸ್ತಕಗಳಿರಬೇಕಲ್ಲ?” ಎಂದು ಕೇಳಿದರು. ಅಂದು ರಾತ್ರಿಯೇ ಊರಿಗೆ ಫೋನು ಮಾಡಿ ಚಿಕ್ಕಪ್ಪನಿಗೆ ಅಡಿಕೆ ಲೆಕ್ಕದ ಹಳೆಯ ಪಟ್ಟಿಗಳನ್ನು ಒಲೆಗೆ ಹಾಕಬೇಡವೆಂದೆ. “ಗೆದ್ದಲು ತಿಂದು ಉಳಿದಿದ್ದು ಮಾತ್ರ ಇದ್ದು, ಅದ್ರಲ್ಲಿ ಎಂತ ಇದ್ದೇ ತಂಗಿ?” ಎಂದ. ಇಡಲು ಒಪ್ಪಿದ.

ವಾರ ಕಳೆಯುವುದರೊಳಗೆ ಕ್ಲಬ್ಬಿನ ದಂಪತಿಯೊಬ್ಬರಿಂದ ಫೋನು ಬಂತು. ಅಟ್ಟದಲ್ಲಿ ಚರ್ಮದ ಹೊದಿಕೆಯ ಲೆಕ್ಕದ ಪುಸ್ತಕವಿದೆ, 1840ರ ದಶಕದ್ದು, ನೋಡುತ್ತೀರಾ ಎಂದು. ಗ್ರಂಥಪಾಲಕಿಯ ಜೊತೆ ಹೋದೆ. ಹೆಸರುಗಳು ಇದ್ದವು, ಪಕ್ಕದಲ್ಲಿ ಬೂಟಿನ ಅಳತೆ, ಬಟ್ಟೆ ಎಷ್ಟು ಗಜ. ತೆರೆದಷ್ಟು ಸಲೀಸಾಗಿ ಮುಂದಿನದು ನಡೆಯಲಿಲ್ಲ. ಪುಸ್ತಕ ಆ ದಂಪತಿಯೊಬ್ಬರದೇ ಅಲ್ಲ, ಮೂರು ರಾಜ್ಯಗಳಲ್ಲಿ ಹಂಚಿಹೋದ ದಾಯಾದಿಗಳದು. ಮಾರಿದರೆ ಬೆಲೆ ಬರುತ್ತದೆಂದು ಒಬ್ಬರು, ಮನೆತನದ ಮಾನ ಹೋಗುತ್ತದೆಂದು ಇನ್ನೊಬ್ಬರು. ಇಂಥ ಕಾಗದಗಳನ್ನು ಕೊಳ್ಳುವ ಖಾಸಗಿ ಸಂಗ್ರಾಹಕರಿದ್ದಾರೆ. ಅವರ ಬೀರು ಸೇರಿದರೆ ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಗ್ರಂಥಪಾಲಕಿ ಜಗಳಕ್ಕೆ ಇಳಿಯಲಿಲ್ಲ. ಪುಸ್ತಕ ಯಾರಲ್ಲಾದರೂ ಇರಲಿ, ಮೊದಲು ಪ್ರತಿ ಹಾಳೆಯ ಚಿತ್ರ ತೆಗೆಯಲು ಒಪ್ಪಿ ಎಂದರು. ನಮ್ಮ ಕ್ಲಬ್ಬಿನ ವಕೀಲರು ಒಂದು ಪುಟದ ಒಪ್ಪಂದ ಬರೆದುಕೊಟ್ಟರು. ದಾಯಾದಿಗಳೆಲ್ಲ ಸಹಿ ಹಾಕಲು ಬೇಸಿಗೆ ಕಳೆಯಿತು. ಮೂಲ ಪುಸ್ತಕ ಆಮೇಲೆ ವಿಶ್ವವಿದ್ಯಾಲಯವೊಂದರ ಸಂಗ್ರಹಕ್ಕೆ ಹೋಯಿತು, ಅದಕ್ಕೆ ಬೇರೆಯೇ ದಾನಪತ್ರ.

ಇದರ ನಡುವೆ ಗ್ರಂಥಪಾಲಕಿಯ ಚರ್ಚಿನ ಊಟದ ಹಾಲಿನಲ್ಲಿ ಒಂದು ಶನಿವಾರ ಸ್ಕ್ಯಾನ್ ಮಾಡುವ ದಿನ ಇಟ್ಟುಕೊಂಡೆವು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ನಮ್ಮ ಕನ್ನಡ ಸಂಘಗಳಿಗೂ ಬೇಕಾದೀತು. ಬಾಗಿಲಲ್ಲೇ ಒಂದು ಮೇಜು: ಬಂದವರು ಏನು ತಂದಿದ್ದಾರೆಂದು ಬರೆದುಕೊಂಡು, ಯಾರು ಯಾರು ನೋಡಬಹುದೆಂದು ಅವರಿಂದಲೇ ಗುರುತು ಹಾಕಿಸಿಕೊಳ್ಳುವುದು. ಮನೆಯವರಷ್ಟೇ, ಚರ್ಚಿನವರು, ಎಲ್ಲರೂ, ಹೀಗೆ. ಎರಡನೆಯ ಮೇಜಿನಲ್ಲಿ ಚಪ್ಪಟೆ ಗಾಜಿನ ಸ್ಕ್ಯಾನರ್, ಇಂಚಿಗೆ 600 ಚುಕ್ಕೆ (ಡಿಪಿಐ), ಕುಗ್ಗಿಸದ ಟಿಫ್ ಎಂಬ ಬಗೆಯ ಚಿತ್ರದ ಕಡತ. ಮೂಲವನ್ನು ನಾವು ಒಂದು ಗಂಟೆಯೂ ಇಟ್ಟುಕೊಳ್ಳುವುದಿಲ್ಲ. ತಂದವರ ಕಣ್ಣೆದುರೇ ಸ್ಕ್ಯಾನ್ ಆಗಿ, ಪೆನ್‌ಡ್ರೈವ್ ಸಮೇತ ಅವರ ಕೈಗೆ ವಾಪಸು. ಕೊಟ್ಟ ಪಟಗಳು ಹಿಂದಿರುಗದ ಅನುಭವ ಈ ಜನಕ್ಕೆ ಬೇಕಾದಷ್ಟಿದೆ, ಈ ನಿಯಮ ಮುರಿದರೆ ಎರಡನೆಯ ಶನಿವಾರ ಯಾರೂ ಬರುವುದಿಲ್ಲ ಎಂದು ಗ್ರಂಥಪಾಲಕಿ ಮೊದಲೇ ತಾಕೀತು ಮಾಡಿದ್ದರು.

ಮೂರನೆಯ ಮೇಜು ನನ್ನದು. ಪಟದಲ್ಲಿರುವವರು ಯಾರು, ಎಲ್ಲಿ, ಸುಮಾರು ಯಾವಾಗ, ಹೇಳುತ್ತಿರುವವರು ಯಾರು. ಈ ಕೊನೆಯ ಕಲಮು ಅವರ ಒತ್ತಾಯ. ಅಕ್ಕ ಹೇಳಿದ್ದಕ್ಕೂ ತಂಗಿ ಹೇಳಿದ್ದಕ್ಕೂ ತಾಳೆಯಾಗದಾಗ ಎರಡನ್ನೂ ಬರೆದು ಇಬ್ಬರ ಹೆಸರನ್ನೂ ಹಾಕಬೇಕು. ಆ ಶನಿವಾರ ಹಾಗಾಯಿತು ಕೂಡ. ಹಿತ್ತಲಲ್ಲಿ ನಿಂತ ಹೆಂಗಸು ಅತ್ತೆಯೋ ಬಾಡಿಗೆಗಿದ್ದವಳೋ ಎಂದು ಅಕ್ಕತಂಗಿಯರು ಅರ್ಧ ಗಂಟೆ ವಾದಿಸಿದರು. ನಾಲ್ಕನೆಯ ಮೇಜಿನವರು ಫೋನಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳುತ್ತಿದ್ದರು. ಆ ಜಗಳವೂ ಈಗ ಕಡತದಲ್ಲಿದೆ, ಪಟಕ್ಕಿಂತ ಅದೇ ಹೆಚ್ಚು ಹೇಳುತ್ತದೆ.

ಬಂದದ್ದರಲ್ಲಿ ಫೋಟೊಗಳಿಗಿಂತ ಹೆಚ್ಚಿದ್ದದ್ದು ಶವಸಂಸ್ಕಾರದ ಹೊತ್ತಿಗೆಗಳು. ಕಪ್ಪು ಚರ್ಚುಗಳಲ್ಲಿ ಅಂತ್ಯಕ್ರಿಯೆಗೆ ಸತ್ತವರ ಪಟ, ಹುಟ್ಟಿದ ಊರು, ತಂದೆತಾಯಿ, ಓದಿದ ಶಾಲೆ, ದುಡಿದ ಕಾರ್ಖಾನೆ, ಉಳಿದ ಬಂಧುಗಳು, ಹೆಣ ಹೊತ್ತವರು ಎಲ್ಲ ಅಚ್ಚು ಹಾಕಿಸಿ ಹಂಚುವ ರೂಢಿಯಿದೆ. ಬಿಳಿಯರ ಪತ್ರಿಕೆಗಳು ಇವರ ಸಾವನ್ನು ಸುದ್ದಿ ಮಾಡದ ಕಾಲದಲ್ಲಿ ಇವೇ ಇವರ ಗೆಜೆಟ್. ಒಬ್ಬ ಅಜ್ಜಿ ಶೂ ಪೆಟ್ಟಿಗೆ ತುಂಬ ತಂದಿದ್ದರು. ಸ್ಮಶಾನಗಳ ಕಲ್ಲು ಕಾಣೆಯಾದಾಗಲೂ ಇವು ನೆರವಿಗೆ ಬರುತ್ತವೆ. ಡರ್ಹಮ್‌ನ ಗೀರ್ ಸ್ಮಶಾನ 1877ರಲ್ಲಿ ಶುರುವಾದದ್ದು, ಕಪ್ಪು ಜನ ಸಾವಿರಕ್ಕೂ ಮಿಕ್ಕಿ ಅಲ್ಲಿದ್ದಾರೆ, ಹೆಚ್ಚಿನವರ ತಲೆಯ ಮೇಲೆ ಕಲ್ಲಿಲ್ಲ. ಸ್ಥಳೀಯರು ಪೊದೆ ಕಡಿದು, ಕಾಗದ ಹುಡುಕಿ ಹೆಸರು ಕೂಡಿಸುತ್ತಿದ್ದಾರೆ. ಇಂಥ ಸ್ಮಶಾನಗಳಿಗೆ ನೆರವಾಗಲೆಂದು 2022ರ ಕೊನೆಯಲ್ಲಿ ಕೇಂದ್ರ ಕಾನೂನೂ ಬಂತು. ಇನ್ನು ಮ್ಯೂಚುಯಲ್ ಕಂಪನಿಯ ವಿಮಾ ಪತ್ರಗಳು, ತಂಬಾಕು ಕಾರ್ಖಾನೆಯ ಸಂಬಳದ ಚೀಟಿಗಳು, ಶವಾಗಾರದ ಜಾಹೀರಾತಿರುವ ಚರ್ಚಿನ ರಟ್ಟಿನ ಬೀಸಣಿಗೆಗಳು.

ಕೆಟ್ಟದ್ದೂ ಕಂಡಿತು. ಪ್ರೀತಿಯಿಂದ ಲ್ಯಾಮಿನೇಷನ್ ಮಾಡಿಸಿದ ಪಟ, ಸೆಲ್ಲೊಟೇಪ್ ಹಚ್ಚಿದ ಪತ್ರ, ಅಂಟು ಹಾಳೆಯ ಆಲ್ಬಮ್ಮಿಗೆ ಕಚ್ಚಿಕೊಂಡ ಮದುವೆಯ ಚಿತ್ರ. ಲ್ಯಾಮಿನೇಷನ್ ಬಿಡಿಸಲು ಬಾರದು. ಪಟದ ಹಿಂದೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್, ಅದೂ ಅಂಚಿನಲ್ಲಿ. ಈಚಿನ ನುಣುಪು ಕಾಗದದ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ, ಲಕೋಟೆಯ ಮೇಲೆ ಬರೆಯಬೇಕು. ಅಟ್ಟ ಬೇಡ, ನೆಲಮಾಳಿಗೆ ಬೇಡ, ಜನ ಮಲಗುವ ಕೋಣೆಯೇ ಕಾಗದಕ್ಕೂ ಒಳ್ಳೆಯದು. ಇದನ್ನು ನೂರು ಸಲ ಹೇಳಿರಬೇಕು.

ಲೆಕ್ಕದ ಪುಸ್ತಕದ ಹೆಸರುಗಳನ್ನು ಈಗ ಚರ್ಚಿನ ಕೆಲವರು, ಕ್ಲಬ್ಬಿನ ಕೆಲವರು ಸೇರಿ ಟೈಪು ಮಾಡುತ್ತಿದ್ದೇವೆ. 1866ರ ವಿವಾಹ ನೋಂದಣಿ, 1870ರ ಗಣತಿ, ಬಿಡುಗಡೆಯಾದವರಿಗೆಂದು ಅಮೆರಿಕದ ಅಂತರ್ಯುದ್ಧ ಮುಗಿಯುವ ಹೊತ್ತಿಗೆ, 1865ರಲ್ಲಿ, ಸರ್ಕಾರ ತೆರೆದ ಫ್ರೀಡ್‌ಮನ್ಸ್ ಬ್ಯೂರೊದ ಕಡತಗಳು, ಇವುಗಳ ಜೊತೆ ತಾಳೆ ನೋಡುವುದು. ಅಡ್ಡಹೆಸರಿಲ್ಲದ ಕಡೆ ವಯಸ್ಸು, ಮಕ್ಕಳ ಕ್ರಮ, ಪಕ್ಕದ ಮನೆಯವರನ್ನು ಹಿಡಿದು ಊಹಿಸಬೇಕು. ಊಹೆಯನ್ನು ಊಹೆಯೆಂದೇ ಗುರುತಿಸಬೇಕು. ನಿಧಾನದ ಕೆಲಸ. ಹೊಂದಿದ್ದು ಕೆಲವೇ ಸಂಸಾರಗಳು, ಅವುಗಳಲ್ಲಿ ಒಂದರ ವಂಶದವರು ಅದೇ ಚರ್ಚಿನ ಗಾಯನ ತಂಡದಲ್ಲಿದ್ದಾರೆ.

ಕ್ಲಬ್ಬು ಕೈಗೆತ್ತಿಕೊಂಡಿರುವ ಮುಂದಿನ ಕೆಲಸ ಇನ್ನೂ ಸರಳ. ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ಬೇರೆ ಊರಿಂದ ಬಂದು, ರಜೆ ಮುಗಿಯುವುದರೊಳಗೆ ಮನೆ ಖಾಲಿ ಮಾಡುತ್ತಾರೆ. ಕಾಗದಗಳು ಸಾಯುವುದು ಆ ಹೊತ್ತಿನಲ್ಲಿ. ಆಗ ಮನೆಯೊಳಗೆ ಕಾಲಿಡುವವರು ಯಾರು? ಉಯಿಲಿನ ವಕೀಲರು, ಮನೆ ಮಾರುವ ಏಜೆಂಟರು, ಸಾಮಾನು ಹರಾಜು ಹಾಕುವವರು. ಮೂರು ಕಸುಬಿನವರೂ ನಮ್ಮ ಮೇಜಿನಲ್ಲೇ ಊಟ ಮಾಡುತ್ತಾರೆ. ಕಸದ ಲಾರಿ ಕರೆಸುವ ಮುನ್ನ ಯಾವ ಯಾವ ಕಾಗದ ತೆಗೆದಿಡಬೇಕು, ಯಾರಿಗೆ ಫೋನು ಮಾಡಬೇಕು ಎಂಬ ಒಂದು ಪುಟದ ಹಾಳೆಯನ್ನು ಗ್ರಂಥಪಾಲಕಿ ಬರೆದುಕೊಟ್ಟಿದ್ದಾರೆ. ಹರಾಜಿನವರು ಪ್ರತಿ ಮನೆಗೂ ಒಯ್ಯಲು ಒಪ್ಪಿದ್ದಾರೆ. ಏಜೆಂಟರು ‘ಗುಲಾಮರು’ ಎಂಬ ಪದ ಹಾಳೆಯ ಮೇಲ್ಗಡೆಯೇ ಬೇಡ, ಗಿರಾಕಿಗಳು ಗಾಬರಿಯಾಗುತ್ತಾರೆ ಎನ್ನುತ್ತಾರೆ. ಗ್ರಂಥಪಾಲಕಿ ಮೇಲ್ಗಡೆಯೇ ಇರಬೇಕೆನ್ನುತ್ತಾರೆ. ಮುಂದಿನ ಸಮಿತಿ ಸಭೆಯಲ್ಲಿ ಅದರ ತೀರ್ಮಾನ. ನಾನು ಗ್ರಂಥಪಾಲಕಿಯ ಕಡೆ ಮತ ಹಾಕುತ್ತೇನೆ.